ಸೇವಾ ಹಿಂತೆಗೆತ

ರೂಢಿಯಲ್ಲಿರುವ ಒಂದು ಚಿಕಿತ್ಸೆಯನ್ನೋ ತಪಾಸಣೆಯನ್ನೋ ಲಸಿಕೆಯನ್ನೋ, ಅದರ ಉಪಕಾರಕ್ಕಿಂತ ಅಪಾಯ ಅಥವಾ ವೆಚ್ಚವೇ ಹೆಚ್ಚೆಂದು ಖಚಿತವಾದ ಮೇಲೆ, ಯೋಜನೆ ಹಾಕಿಕೊಂಡು ಬಳಕೆಯಿಂದ ತೆಗೆಯುವುದನ್ನು ಸೇವಾ ಹಿಂತೆಗೆತ ಎನ್ನಬಹುದು. ಅನುದಾನವಿಲ್ಲದೆ ವಾರ್ಡಿಗೆ ಬೀಗ ಬೀಳುವುದು ಹಿಂತೆಗೆತವಲ್ಲ, ಬರೀ ಕಡಿತ. ಹಿಂತೆಗೆತದಲ್ಲಿ, ಆ ಸೇವೆಯನ್ನು ನಂಬಿದ್ದವರಿಗೆ ಬದಲಿ ವ್ಯವಸ್ಥೆ ಮೊದಲೇ ಸಿದ್ಧವಿರಬೇಕು.

ಇದಕ್ಕೆ 2016ರ ಪೋಲಿಯೊ ಲಸಿಕೆಯ ಬದಲಾವಣೆಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣದು. ಅಲ್ಲಿಯವರೆಗೆ ಮಕ್ಕಳ ಬಾಯಿಗೆ ಹಾಕುತ್ತಿದ್ದ ಹನಿಯಲ್ಲಿ ಮೂರು ಮಾದರಿಯ ದುರ್ಬಲಗೊಳಿಸಿದ ವೈರಾಣುಗಳಿದ್ದವು. ಅವುಗಳಲ್ಲಿ ಎರಡನೆಯ ಮಾದರಿಯ ಸಹಜ ವೈರಾಣು ಕೊನೆಯ ಬಾರಿ ಕಂಡದ್ದು 1999ರಲ್ಲಿ, ಉತ್ತರ ಪ್ರದೇಶದ ಅಲಿಗಢದಲ್ಲಿ. ಅದು ನಿರ್ಮೂಲವಾಯಿತೆಂದು 2015ರ ಸೆಪ್ಟೆಂಬರಿನಲ್ಲಿ ಘೋಷಿಸಲಾಯಿತು. ರೋಗ ಹೋದರೂ ಹನಿಯಲ್ಲಿದ್ದ ವೈರಾಣು ಉಳಿದಿತ್ತು. ಲಸಿಕೆ ಸರಿಯಾಗಿ ತಲುಪದ ಊರುಗಳಲ್ಲಿ ಅದು ಮಗುವಿನಿಂದ ಮಗುವಿಗೆ ಹರಡುತ್ತ, ರೂಪ ಬದಲಿಸುತ್ತ, ಕೈಕಾಲುಗಳ ಸ್ವಾಧೀನ ತಪ್ಪಿಸುವ ಶಕ್ತಿಯನ್ನು ಮತ್ತೆ ಪಡೆಯುತ್ತಿತ್ತು. ಮಕ್ಕಳನ್ನು ಕಾಯಬೇಕಾದ ಹನಿಯೇ ಕೆಲವರಿಗೆ ಮುಳುವಾಗುವುದನ್ನು ನೋಡಿ ಸುಮ್ಮನಿರುವಂತಿರಲಿಲ್ಲ.

ಒಂದು ದೇಶ ನಿಲ್ಲಿಸಿ ಪಕ್ಕದ ದೇಶ ಮುಂದುವರಿಸಿದರೆ, ನಿಲ್ಲಿಸಿದ ದೇಶದ ಮಕ್ಕಳಿಗೇ ಆ ವೈರಾಣು ತಗಲುವ ಅಪಾಯವಿದ್ದುದರಿಂದ, 155 ದೇಶ ಮತ್ತು ಪ್ರಾಂತ್ಯಗಳು ಏಪ್ರಿಲ್ 17ರಿಂದ ಮೇ 1ರ ನಡುವಿನ ಎರಡೇ ವಾರಗಳಲ್ಲಿ, ಎರಡನೆಯ ಮಾದರಿಯನ್ನು ಕೈಬಿಟ್ಟು ಉಳಿದೆರಡು ಮಾದರಿಗಳಷ್ಟೇ ಇರುವ ಹನಿಗೆ ಬದಲಾಗಬೇಕೆಂದು ನಿಶ್ಚಯವಾಯಿತು. ಭಾರತ ಬದಲಾದದ್ದು ಏಪ್ರಿಲ್ 25ರಂದು. ಹಳೆಯ ಸೀಸೆಗಳನ್ನು ಶೀತಲ ಸಂಗ್ರಹಾಗಾರಗಳಿಂದ ವಾಪಸು ತರಿಸಿ ನಾಶಪಡಿಸಲಾಯಿತು; ಎಲ್ಲಿಯೂ ಉಳಿದಿಲ್ಲವೆಂಬುದನ್ನು ವೀಕ್ಷಕರು ಖುದ್ದಾಗಿ ಹೋಗಿ ಪರೀಕ್ಷಿಸಿದರು. ಬದಲಿಯಾಗಿ ಮೂರೂ ಮಾದರಿಗಳಿಂದ ರಕ್ಷಿಸುವ, ನಿಷ್ಕ್ರಿಯ ವೈರಾಣುವಿನ ಚುಚ್ಚುಮದ್ದನ್ನು ಭಾರತ 2015ರ ನವೆಂಬರಿನಲ್ಲೇ ಆರಂಭಿಸಿತ್ತು. ಆದರೆ ಜಗತ್ತಿನಲ್ಲೆಲ್ಲ ಅದರ ಕೊರತೆಯಿದ್ದುದರಿಂದ, ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳು ಪೂರ್ಣ ಪ್ರಮಾಣದ ಐದನೆಯ ಒಂದು ಭಾಗವನ್ನು ಚರ್ಮದೊಳಕ್ಕೆ ಎರಡು ಬಾರಿ ಕೊಡುವ ದಾರಿ ಹಿಡಿದವು. ಇದು ನಮ್ಮ ಆರೋಗ್ಯ ಕಾರ್ಯಕರ್ತೆಯರು ನಿಜಕ್ಕೂ ಹೆಮ್ಮೆಪಡಬೇಕಾದ ಕೆಲಸ.

ಸೀಸೆಗಳನ್ನು ಹಿಂದಕ್ಕೆ ತರಿಸುವ ಕೆಲಸ ಅಚ್ಚುಕಟ್ಟಾಗಿ ಮುಗಿದರೂ, ರೋಗನಿರೋಧಕ ಶಕ್ತಿ ಕಡಿಮೆಯಿದ್ದ ಪ್ರದೇಶಗಳಲ್ಲಿ, ಮುಖ್ಯವಾಗಿ ಆಫ್ರಿಕಾದಲ್ಲಿ, ಎರಡನೆಯ ಮಾದರಿಯ ಸೋಂಕು ಮತ್ತೆ ಮತ್ತೆ ತಲೆಯೆತ್ತಿ ಸಾವಿರಾರು ಮಕ್ಕಳ ಕೈಕಾಲುಗಳ ಸ್ವಾಧೀನವನ್ನು ಕಸಿದುಕೊಂಡಿತು. ಅದನ್ನು ತಡೆಯಲು ಹಿಂತೆಗೆದುಕೊಂಡಿದ್ದ ಮಾದರಿಯ ಹನಿಯನ್ನೇ ದಾಸ್ತಾನಿನಿಂದ ಹೊರತೆಗೆಯಬೇಕಾಯಿತು. ರೂಪ ಬದಲಿಸುವ ಸಂಭವ ಕಡಿಮೆಯಿರುವ ಹೊಸ ಹನಿ ಬಳಕೆಗೆ ಬಂದದ್ದು 2021ರ ಮಾರ್ಚಿನಲ್ಲಿ.