ಗಾಳಿ ನಿಂತರೆ ಬೆಂಗಾವಲೂ ನಿಲ್ಲುತ್ತಿತ್ತು

ಕೊಂಕಣದ ಕಡಲಿನಲ್ಲಿ ಸರಕಿನ ಹಡಗುಗಳನ್ನು ಮರಾಠರ ನೌಕಾ ಮನೆತನವಾದ ಆಂಗ್ರೆಗಳಿಂದ ಕಾಯುವುದು ಹೇಗೆಂಬ ಚರ್ಚೆ 18ನೆಯ ಶತಮಾನದ ಮೊದಲರ್ಧದುದ್ದಕ್ಕೂ ಮುಂಬಯಿಯ ಈಸ್ಟ್ ಇಂಡಿಯಾ ಕಂಪನಿಯನ್ನು ಕಾಡಿತು. ದಸ್ತಕು, ಅಂದರೆ ಕಡಲಲ್ಲಿ ಸಾಗುವ ಪರವಾನಗಿ, ಕೊಂಡು ಸುಮ್ಮನೆ ಸಾಗುವುದು ಅಗ್ಗದ ದಾರಿ. ಪೋರ್ಚುಗೀಸರು 16ನೆಯ ಶತಮಾನದಿಂದಲೇ ಇಂಥ ಪರವಾನಗಿಯನ್ನು ಇತರರ ಮೇಲೆ ಹೇರಿದ್ದರು. ಆದರೆ ಕಾನ್ಹೋಜಿ ಆಂಗ್ರೆಯ ದಸ್ತಕು ಕೊಂಡರೆ ಕಡಲಿನ ಮೇಲೆ ಆತನ ಹಕ್ಕನ್ನು ಒಪ್ಪಿದಂತಾಗುತ್ತಿತ್ತು. ಹಾಗಾಗಿ ಕಂಪನಿ ಆತನನ್ನು ಕಡಲ್ಗಳ್ಳನೆಂದಿತು. ಆತ ಮರಾಠರ ಸರಖೇಲ, ಅಂದರೆ ನೌಕಾಪಡೆಯ ಮುಖ್ಯಸ್ಥ. ಬರಿಯ ದರೋಡೆಕೋರನೆಂದು ಬರೆಯುವುದು ಅನ್ಯಾಯ.

ಉಳಿದದ್ದು ಬೆಂಗಾವಲು. ಬಸರೂರು, ಮಂಗಳೂರು, ಹೊನ್ನಾವರಗಳ ಅಕ್ಕಿ ಗೋವೆಗೆ ತಲುಪುತ್ತಿದ್ದುದೂ ಯುದ್ಧನೌಕೆಗಳ ಕಾವಲಿನ ‘ಕಾಫಿಲಾ’ಗಳಲ್ಲಿಯೇ. ಇದರ ತೊಡಕುಗಳು ವ್ಯಾಪಾರಿಗಳಿಗೆ ಚೆನ್ನಾಗಿ ಗೊತ್ತಿದ್ದವು: ಅತಿ ನಿಧಾನದ ಹಡಗಿನ ವೇಗವೇ ಎಲ್ಲರ ವೇಗ, ಸರಕೆಲ್ಲ ಒಟ್ಟಿಗೆ ಬಂದಿಳಿದರೆ ಬೆಲೆ ಕುಸಿತ.

ನಿಜವಾದ ದೌರ್ಬಲ್ಯ ಹಡಗಿನ ರಚನೆಯಲ್ಲಿತ್ತು. ಯುರೋಪಿನ ದೊಡ್ಡ ಹಡಗಿನ ತೋಪುಗಳು ಹೆಚ್ಚಾಗಿ ಎರಡು ಮಗ್ಗುಲಲ್ಲಿ; ಹಿಂಬದಿಯಲ್ಲಿ ಕೆಲವೇ. ಗಾಳಿ ನಿಂತರೆ ಹಡಗು ತಿರುಗದು, ಮಗ್ಗುಲಿನ ತೋಪು ಗುರಿಗೆ ಸಿಗದು. ಆಂಗ್ರೆಗಳು ಕಾಯುತ್ತಿದ್ದುದು ಆ ಹೊತ್ತಿಗೇ. 70 ಟನ್ ಮೀರದ ಗಲಬತ್ತುಗಳೆಂಬ ದೋಣಿಗಳು 40–50 ಹುಟ್ಟುಗಳ ಬಲದಿಂದ ಗುರಾಬುಗಳೆಂಬ ತೋಪಿನ ಹಡಗುಗಳನ್ನು ಎಳೆದು ತಂದು ಹಡಗಿನ ಬೆನ್ನಿಗೆ ನಿಲ್ಲಿಸುತ್ತಿದ್ದವು. ಗುರಾಬಿನ ಮೂತಿಯಲ್ಲಿ ಮುಂದಕ್ಕೆ ಚಾಚಿದ ಎರಡು ತೋಪುಗಳು; ಗುಂಡಿನ ತೂಕ 9 ಅಥವಾ 12 ಪೌಂಡ್. ಅವು ಹೊಡೆಯುತ್ತಿದ್ದುದು ಹಡಗಿನ ಒಡಲಿಗಲ್ಲ, ಹಾಯಿಕಂಬಕ್ಕೆ. ಕಂಬ ಉರುಳಿದ ಮೇಲೆ ಗಾಳಿ ಮರಳಿ ಬೀಸಿದರೂ ಪ್ರಯೋಜನವಿಲ್ಲ. ಆಮೇಲೆ ಗಲಬತ್ತುಗಳು ಸುತ್ತುವರಿದು, ನೂರಾರು ಜನ ಕತ್ತಿ ಹಿರಿದು ಹತ್ತುತ್ತಿದ್ದರು. ಕಾವಲಿನ ನೌಕೆಯೂ ಗಾಳಿಯಿಲ್ಲದ ಅದೇ ಹೊತ್ತಿನಲ್ಲಿ ಕದಲಲಾರದೆ ದೂರದಲ್ಲಿ ನಿಂತಿರುತ್ತಿತ್ತು. 1735ರಲ್ಲಿ ಕಂಪನಿಯ ಸರಕಿನ ಹಡಗು ‘ಡರ್ಬಿ’ ಹೀಗೆಯೇ ಕಂಬಗಳನ್ನು ಕಳೆದುಕೊಂಡು ಸೆರೆಯಾಯಿತು. 1749ರಲ್ಲಿ ಕಂಪನಿಯದೇ ಯುದ್ಧನೌಕೆ ‘ರೆಸ್ಟೊರೇಷನ್’ ಕಾನ್ಹೋಜಿಯ ಮಗ ತುಳಾಜಿ ಆಂಗ್ರೆಯ ಕೈಸೇರಿತು.

ಹಾಗಾದರೆ ಬಂದರನ್ನೇ ಹಿಡಿಯಬೇಕೆಂಬ ವಾದ ಗಟ್ಟಿಯಾಯಿತು. 1721ರಲ್ಲಿ ಪೋರ್ಚುಗೀಸರೊಡನೆ ಕೂಡಿ ಕೊಲಾಬಾ ಕೋಟೆಗೆ ಮುತ್ತಿಗೆ ಹಾಕಿ ಕಂಪನಿ ಸೋತಿತ್ತು. ಈ ಬಾರಿ ತುಳಾಜಿಯೊಡನೆ ಮುನಿದಿದ್ದ ಪೇಶ್ವೆಯೇ ಜೊತೆಯಾದ. 1755ರಲ್ಲಿ ಕಂಪನಿಯ ನೌಕಾಧಿಕಾರಿ ವಿಲಿಯಂ ಜೇಮ್ಸ್ ತುಳಾಜಿಯ ಸುವರ್ಣದುರ್ಗ ಗೆದ್ದ. ಅದೇ ವರ್ಷದ ಕೊನೆಗೆ ತುಳಾಜಿಯ ಮುಖ್ಯ ಕೋಟೆ ವಿಜಯದುರ್ಗದೆದುರು ಆಳ ಅಳೆದು ನೋಡಿ, ದೊಡ್ಡ ಹಡಗುಗಳು ಕೋಟೆಯ ಹತ್ತಿರಕ್ಕೇ ಹೋಗಬಲ್ಲವೆಂದು ಕಂಡುಕೊಂಡ. ನನ್ನ ಮಟ್ಟಿಗೆ ಇಡೀ ದಂಡಯಾತ್ರೆಯಲ್ಲಿ ತೋಪುಗಳಿಗಿಂತ ನಿರ್ಣಾಯಕವಾದದ್ದು ಈ ಅಳತೆ. 1756ರ ಫೆಬ್ರವರಿಯಲ್ಲಿ ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ವಾಟ್ಸನ್‌ನ ನೌಕೆಗಳು ಕಡಲಿನಿಂದ ದಾಳಿಯಿಟ್ಟವು. ಕ್ಲೈವ್‌ನ ಸೈನಿಕರು ನೆಲದ ಕಡೆಯಿಂದ. ಸೆರೆಯಲ್ಲಿದ್ದ ‘ರೆಸ್ಟೊರೇಷನ್’ ಮೇಲೆ ಸಿಡಿಗುಂಡು ಬಿದ್ದು ಹೊತ್ತಿದ ಬೆಂಕಿ ಒತ್ತೊತ್ತಾಗಿ ನಿಂತಿದ್ದ ತುಳಾಜಿಯ ಇಡೀ ಹಡಗುಪಡೆಯನ್ನು ಸುಟ್ಟಿತು. ಅದರೊಂದಿಗೆ ಮರಾಠರ ನೌಕಾಬಲದ ಬಹುಪಾಲೂ ಹೋಯಿತು.

ವಿಜಯದುರ್ಗ ಅದೇ ವರ್ಷ, ಕಂಪನಿಗೆ ಸಿಕ್ಕ ಬಾಣಕೋಟೆಗೆ ಬದಲಾಗಿ, ಪೇಶ್ವೆಗೆ ಸಂದಿತು. ಹಡಗು ಹಿಡಿಯುವುದು ಮಾತ್ರ ನಿಲ್ಲಲಿಲ್ಲ: 1765ರಲ್ಲಿ ಕಂಪನಿ ಕೊಲ್ಲಾಪುರದ ಬಂದರಾದ ಮಾಲ್ವಣಕ್ಕೂ ದಂಡು ಕಳಿಸಿ ಕೋಟೆ ಹಿಡಿದು, ಬಳಿಕ ಬಿಟ್ಟುಕೊಟ್ಟಿತು, 1812ರ ಒಪ್ಪಂದದಲ್ಲಿ ಕೊಲ್ಲಾಪುರದಿಂದ ಆ ಬಂದರನ್ನೇ ಬರೆಸಿಕೊಂಡಿತು.