ಬೇಸಿಗೆಯಲ್ಲಿ ಕೂಡಿಸಿದ ಎಸಿ ಶ್ರಾವಣದಲ್ಲೇಕೆ ಸೋರುತ್ತದೆ?

ಮಳೆ ಹಿಡಿದು ನಾಲ್ಕು ದಿನವಾದರೆ ಬಳ್ಳಾರಿ, ರಾಯಚೂರು, ಕೊಪ್ಪಳದ ಎಸಿ ಮೆಕ್ಯಾನಿಕ್‌ಗಳ ಫೋನಿಗೆ ಒಂದೇ ದೂರು: "ಒಳಗಿನ ಯೂನಿಟ್ ಸೋರಾಕತ್ತೈತ್ರಿ, ಗ್ಯಾಸ್ ಮುಗಿದಿರಬೇಕು. ಬಂದು ತುಂಬಿ ಹೋಗ್ರಿ." ಹೋಗಿ ನೋಡಿದರೆ ಹೆಚ್ಚಾಗಿ ಗದ್ದಲವೆಲ್ಲ ಎಸಿಯ ನೀರು ಹೊರಹಾಕುವ ಡ್ರೈನ್ ಪೈಪಿನದು. ಗ್ಯಾಸ್ ಇದ್ದಲ್ಲೇ ಇರುತ್ತದೆ.

ಎಸಿಯ ಗ್ಯಾಸ್ ಸ್ಕೂಟರಿನ ಪೆಟ್ರೋಲ್ ಅಲ್ಲ, ಓಡಿದಷ್ಟೂ ಕರಗಲು. ಮುಚ್ಚಿದ ತಾಮ್ರದ ಕೊಳವೆಯಲ್ಲಿ ಸುತ್ತುತ್ತಲೇ ಇರುತ್ತದೆ. ಎಲ್ಲೋ ತೂತಾಗಿ ಸೋರಿದರೂ ಅದು ಗಾಳಿಗೆ ಹೋಗುತ್ತದೆಯೇ ಹೊರತು ನೀರಾಗಿ ತೊಟ್ಟಿಕ್ಕುವುದಿಲ್ಲ. ತೊಟ್ಟಿಕ್ಕುವ ನೀರು ನಿಮ್ಮ ಕೋಣೆಯ ಗಾಳಿಯದು. ಒಳಯೂನಿಟ್ಟಿನಲ್ಲಿ ಗ್ಯಾಸ್ ಹಾಯುವ ಕೊಳವೆಗಳ ಸಾಲಿಗೆ, ಅಂದರೆ ತಂಪಾದ ಕಾಯಿಲ್‌ಗೆ ತಗುಲಿ, ತಣ್ಣನೆಯ ಚೆಂಬಿನ ಮೈಮೇಲೆ ಹನಿ ಕೂತಂತೆ ಕೂತು, ಕೆಳಗಿನ ಟ್ರೇಗೆ ಇಳಿದು, ಪೈಪಿನಲ್ಲಿ ಹೊರಗೆ ಹೋಗಬೇಕಾದದ್ದು.

"ಹಂಗಾದ್ರ ಮೇ ತಿಂಗಳಪೂರ್ತಿ ಒಂದು ಹನಿ ಬೀಳಲಿಲ್ಲಲ್ರೀ?" ಈ ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಕಡೆಯ ಬೇಸಿಗೆ ಒಣ ಬೇಸಿಗೆ. 42 ಡಿಗ್ರಿ ಬಿಸಿಲಲ್ಲಿ ಗಾಳಿಯ ತೇವಾಂಶ ಶೇಕಡಾ 15 ಇದ್ದರೆ, ಆ ಗಾಳಿಯಿಂದ ಹನಿ ಉದುರಬೇಕಾದರೆ ಅದು ಸುಮಾರು 10 ಡಿಗ್ರಿಗೆ ಇಳಿಯಬೇಕು. ಕಾಯಿಲ್‌ನ ಮೈಯೇ ಹೆಚ್ಚುಕಡಿಮೆ ಅಷ್ಟು ತಂಪು, ಹಾಗಾಗಿ ನೀರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮಳೆಗಾಲದಲ್ಲಿ 30 ಡಿಗ್ರಿ, ತೇವಾಂಶ ಶೇಕಡಾ 75 ಇದ್ದಾಗ ಅದೇ ಗಾಳಿ 25 ಡಿಗ್ರಿಗೆ ಇಳಿದರೆ ಸಾಕು, ನೀರು ಬಿಡುತ್ತದೆ. ಒಂದೂವರೆ ಟನ್ನಿನ ಎಸಿ ಆಗ ಗಂಟೆಗೆ ಒಂದರಿಂದ ಎರಡು ಲೀಟರ್ ನೀರು ಇಳಿಸಬಲ್ಲದು. ಬೆಳಗಾಗುವುದರಲ್ಲಿ ಒಂದು ಕೊಡ. ಮಾರ್ಚ್‌ನಲ್ಲಿ ಅವಸರದಲ್ಲಿ ಕೂಡಿಸಿದ ಪೈಪಿಗೆ ಮೊದಲ ಪರೀಕ್ಷೆ ನಡೆಯುವುದೇ ಆವತ್ತು. ಕೆಟ್ಟದ್ದು ಈಗಲ್ಲ, ಕೂಡಿಸಿದ ದಿನವೇ ಕೆಟ್ಟಿತ್ತು.

ಏನು ಕೆಟ್ಟಿರುತ್ತದೆ? ಹೆಚ್ಚಾಗಿ ಇಳಿಜಾರು. ಟ್ರೇ ಆಳ ಕೆಲವೇ ಸೆಂಟಿಮೀಟರ್. ಅದರಲ್ಲಿ ನಿಂತ ನೀರಿಗೆ ತಳ್ಳುವ ಶಕ್ತಿ ಇಲ್ಲ, ಇಳಿಯುವ ಗುಣ ಮಾತ್ರ ಇದೆ. ಪೈಪು ಮೀಟರಿಗೆ ಕನಿಷ್ಠ 1 ಸೆಂಟಿಮೀಟರ್, ಸಾಧ್ಯವಾದರೆ 2, ಉದ್ದಕ್ಕೂ ಇಳಿಯುತ್ತಲೇ ಹೋಗಬೇಕು. ನಡುವೆ ಜೋತುಬಿದ್ದರೆ ಅಲ್ಲಿ ನೀರು ನಿಲ್ಲುತ್ತದೆ. ಎರಡು ಕಡೆ ಜೋತುಬಿದ್ದರೆ ನಡುವಿನ ಗಾಳಿಗೆ ಹೊರಬರಲು ದಾರಿಯಿಲ್ಲ, ಹಿಂದಿನ ನೀರು ಅದನ್ನು ನೂಕಲಾರದೆ ಟ್ರೇ ತುಂಬಿ ಗೋಡೆ ಮೇಲೆ ಇಳಿಯುತ್ತದೆ.  ಜೋತುಬಿದ್ದಲ್ಲಿ ನಿಂತ ನೀರಿಗೆ ಪಾಚಿಯೂ ಕಟ್ಟುತ್ತದೆ.

ಗೋಡೆಯ ತೂತು ಹೊರಗಡೆಗೆ ಅರ್ಧ ಸೆಂಟಿಮೀಟರಾದರೂ ತಗ್ಗಿರಬೇಕು. ಒಳಯೂನಿಟ್ಟನ್ನು ರಸಮಟ್ಟ ಇಟ್ಟು ಸರಿನೋಡಿ. ವಾಲಿದರೆ ಡ್ರೈನ್ ಇರುವ ಕಡೆಗೆ ಕೂದಲೆಳೆಯಷ್ಟು ವಾಲಲಿ, ವಿರುದ್ಧ ಬೇಡ. ತಾಮ್ರದ ಕೊಳವೆ, ವೈರು, ಡ್ರೈನ್ ಮೂರನ್ನೂ ಒಟ್ಟಿಗೆ ಟೇಪು ಸುತ್ತುವಾಗ ಡ್ರೈನ್ ಕೆಳಗಿರಬೇಕು. ಬಿಸಿಲಿಗೆ ಬೀಳುವ ಭಾಗಕ್ಕೆ ತೆಳ್ಳನೆಯ ಸುರುಳಿ ಪೈಪು ಬೇಡ. ನಮ್ಮ ಬಿಸಿಲಿಗೆ ಎರಡು ಮೂರು ಬೇಸಿಗೆಯಲ್ಲಿ ಸೀಳುತ್ತದೆ. 20 ಅಥವಾ 25 ಮಿಲಿಮೀಟರಿನ ಪಿವಿಸಿ ಹಾಕಿಸಿ. ಫಾಲ್ಸ್ ಸೀಲಿಂಗ್ ಒಳಗೆ ಹಾಯುವ ಪೈಪಿಗೆ ನೈಟ್ರೈಲ್ ಫೋಮ್ (ರಬ್ಬರಿನ ಸ್ಪಂಜಿನಂಥ ಹೊದಿಕೆ) ಸುತ್ತಬೇಕು. ಇಲ್ಲದಿದ್ದರೆ ಪೈಪಿನ ಹೊರಮೈಯೇ ಬೆವರಿ ಜಿಪ್ಸಮ್ ಶೀಟ್ ಕಲೆಯಾಗುತ್ತದೆ, ಆಗ ಮತ್ತೆ "ಗ್ಯಾಸ್ ತುಂಬ್ರಿ."

ಇಷ್ಟಕ್ಕೂ ಪರೀಕ್ಷೆ ಒಂದೇ ನಿಮಿಷದ್ದು, ಆದರೆ ಬೇಸಿಗೆಯ ಅವಸರದಲ್ಲಿ ಯಾರೂ ಮಾಡುವುದಿಲ್ಲ. ಎಸಿಗೆ ಕರೆಂಟ್ ಕೊಡುವ ಎಂಸಿಬಿ ಸ್ವಿಚ್ ಇಳಿಸಿ, ಮುಂದಿನ ಮುಚ್ಚಳ ಎತ್ತಿ, ಫಿಲ್ಟರ್ ತೆಗೆದು, ಒಂದು ಲೀಟರ್ ನೀರನ್ನು ಕಾಯಿಲ್‌ನ ಮೇಲೆ ನಿಧಾನವಾಗಿ ಹನಿಸಬೇಕು. ಬಲಗಡೆ ಸರ್ಕ್ಯೂಟ್ ಬೋರ್ಡ್ ಇರುವಲ್ಲಿ ಹನಿ ಬೀಳಬಾರದು; ಕೈ ಪಳಗಿಲ್ಲದವರು ಮೆಕ್ಯಾನಿಕ್ ಕೈಯಲ್ಲೇ ಮಾಡಿಸಿ. ಸುರಿದದ್ದು ಹೆಚ್ಚುಕಡಿಮೆ ಪೂರ್ತಿ ಹೊರಗೆ ಬರಬೇಕು. ಅದನ್ನು ಕಣ್ಣಾರೆ ನೋಡಿದ ಮೇಲೆ ಕೂಲಿಯ ಕೊನೆಯ ಕಂತು ಕೊಡಿ.

ಹೊಸ ಮನೆ ಕಟ್ಟುವವರು ಪೈಪನ್ನು ಗೋಡೆಯಲ್ಲಿ ಹುದುಗಿಸುತ್ತಾರೆ. ನೋಡಲು ಚೆಂದ. ಆದರೆ ಗೌಂಡಿ ಅದನ್ನು ಅಡ್ಡಕ್ಕೆ ನೇರವಾಗಿ ಎಳೆದು, ಮೂಲೆಯಲ್ಲಿ 90 ಡಿಗ್ರಿ ಎಲ್ಬೋ ಹಾಕಿ, ಬಾಯಿ ಮುಚ್ಚದೆ ಬಿಟ್ಟರೆ ಸಿಮೆಂಟ್ ಒಳಗೆ ಹೋಗಿ ಕೂರುತ್ತದೆ. ಎರಡು 45 ಡಿಗ್ರಿ ಬೆಂಡ್ ಹಾಕಿಸಿ, ಬಾಯಿಗೆ ಕ್ಯಾಪ್ ಹಾಕಿಸಿ, ಪ್ಲಾಸ್ಟರ್‌ಗಿಂತ ಮುಂಚೆ ನೀರು ಸುರಿದು ನೋಡಿ. ಆ ಪೈಪನ್ನು ನೇರ ಬಚ್ಚಲಿನ ಚರಂಡಿಗೆ ಕೂಡಿಸಿದರೆ ಜಿರಲೆಯೂ ವಾಸನೆಯೂ ಅದೇ ದಾರಿಯಲ್ಲಿ ಮಲಗುವ ಕೋಣೆಗೆ ಬರುತ್ತವೆ.

ನೀರಿನ ಬೆಲೆ ಗೊತ್ತಿರುವ ಊರುಗಳು ನಮ್ಮವು. ಡ್ರೈನ್ ಪೈಪಿನ ಕೆಳಗೆ ಬಕೆಟ್ ಇಡುವ ಮನೆಗಳುಂಟು, ಅದು ಮೆಚ್ಚುವಂಥದ್ದೇ. ಪೈಪಿನ ತುದಿ ಮಾತ್ರ ಬಕೆಟ್ಟಿನ ನೀರಿನಲ್ಲಿ ಮುಳುಗಬಾರದು. ಮುಳುಗಿದರೆ ಗಾಳಿ ಸಿಕ್ಕಿಬಿದ್ದು ಒಳಗೆ ಗುಳುಗುಳು ಸದ್ದು, ಆಮೇಲೆ ಗೋಡೆಗೆ ನೀರು. ಬಕೆಟ್ ತುಂಬಿದಾಗಲೂ ತುದಿ ನಾಲ್ಕು ಬೆರಳು ಮೇಲಿರಲಿ. ಈ ನೀರು ಗಿಡಕ್ಕೆ, ನೆಲ ಒರೆಸಲು ಸರಿ. ಕುಡಿಯಲು ಬೇಡ. "ಡಿಸ್ಟಿಲ್ಡ್ ವಾಟರ್ ಇದ್ದಂಗೇ ಅಲ್ರೀ" ಎಂದು ಇನ್ವರ್ಟರ್ ಬ್ಯಾಟರಿಗೂ ಹಾಕಬೇಡಿ. ಕಾಯಿಲ್‌ನ ಧೂಳನ್ನೂ ಲೋಹದ ಅಂಶವನ್ನೂ ತೊಳೆದುಕೊಂಡು ಬಂದ ನೀರದು.

ಇನ್ನು ಧೂಳು. ಸಂಡೂರು ಕಡೆ ಅದಿರಿನ ಕೆಂಪು ಪುಡಿ, ಶಕ್ತಿನಗರದಲ್ಲಿ ಉಷ್ಣವಿದ್ಯುತ್ ಸ್ಥಾವರದ ಹಾರುಬೂದಿ, ಗಂಗಾವತಿ ಸಿಂಧನೂರಿನ ರೈಸ್‌ಮಿಲ್ ಸುತ್ತ ಭತ್ತದ ಹೊಟ್ಟು, ಬಳ್ಳಾರಿಯ ಜೀನ್ಸ್ ಹೊಲಿಯುವ ಕಡೆ ನೂಲಿನ ಎಳೆ. ಬೇಸಿಗೆಯಲ್ಲಿ ಒಣಗಿ ಟ್ರೇಯಲ್ಲಿ ಕೂತದ್ದು ಮೊದಲ ಮಳೆಯ ತೇವಕ್ಕೆ ಕೆಸರಾಗಿ ಪೈಪಿನ ಬಾಯಿ ಮುಚ್ಚುತ್ತದೆ. ಇಂಥ ಕಡೆ ಫಿಲ್ಟರನ್ನು ಹದಿನೈದು ದಿನಕ್ಕೊಮ್ಮೆ ತೊಳೆಯಿರಿ. ಟ್ರೇ ಮತ್ತು ಪೈಪನ್ನು ಮೇ ಕೊನೆಯಲ್ಲಿ, ಮಳೆಗೆ ಮುಂಚೆ ತೊಳೆಸಿ. ಉಗುರುಬೆಚ್ಚಗಿನ ನೀರು ಸಾಕು. ಟಾಯ್ಲೆಟ್ ಆಸಿಡ್ ಹಾಕಿದರೆ ಕಾಯಿಲ್ ಮೇಲಿನ ತೆಳು ಅಲ್ಯೂಮಿನಿಯಂ ತಗಡು (ಫಿನ್) ತಿಂದುಹೋಗುತ್ತದೆ. ತಿಂಗಳುಗಟ್ಟಲೆ ಒಣಗಿದ್ದ ಪೈಪಿನ ಹೊರತುದಿಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರುವುದೂ ಉಂಟು. ಕಡ್ಡಿ ಆಡಿಸಿ ನೋಡಿ.

ಗ್ಯಾಸಿನದೇ ತಪ್ಪು ಇರುವುದೇ ಇಲ್ಲವೇ? ಇರುತ್ತದೆ. ಗ್ಯಾಸ್ ಕಡಿಮೆಯಾದರೆ ಕಾಯಿಲ್ ಸೊನ್ನೆ ಡಿಗ್ರಿಗಿಂತ ಕೆಳಗಿಳಿದು ಮಂಜುಗಡ್ಡೆ ಕಟ್ಟುತ್ತದೆ. ಎಸಿ ಆರಿಸಿದ ಮೇಲೆ ಅದೆಲ್ಲ ಒಮ್ಮೆಲೇ ಕರಗಿ ಟ್ರೇ ಮೀರಿ ಸುರಿಯುತ್ತದೆ. ಆದರೆ ಕಟ್ಟಿಕೊಂಡ ಫಿಲ್ಟರಿನಿಂದ ಗಾಳಿ ಹಾಯದಿದ್ದರೂ ಇದೇ ಆಗುತ್ತದೆ. ಮಂಜು ಕಂಡರೆ ಚಾಕುವಿನಿಂದ ಕೆರೆಯಬೇಡಿ, ಕೂಲಿಂಗ್ ನಿಲ್ಲಿಸಿ ಫ್ಯಾನ್ ಮೋಡ್‌ನಲ್ಲಿ ಕರಗಲು ಬಿಡಿ. ಫಿಲ್ಟರ್ ತೊಳೆದು ಮತ್ತೆ ಓಡಿಸಿ. ಆಗಲೂ ಹೊರಯೂನಿಟ್ಟಿನ ಸಣ್ಣ ಕೊಳವೆಯ ಮೇಲೆ ಬಿಳಿ ಹಿಮ ಕೂತು, ಕೋಣೆ ತಂಪಾಗದಿದ್ದರೆ ಗ್ಯಾಸ್ ಮಾತು ಎತ್ತಬಹುದು. ಬಂದವರು ಬರೀ ಮೇಲಿಂದ ತುಂಬಿ ಹೋಗಲು ಬಿಡಬೇಡಿ. ಸೋರುವ ಜಾಗ ಹುಡುಕಿ, ಮುಚ್ಚಿ, ಕೊಳವೆಯೊಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಎಳೆದು (ವ್ಯಾಕ್ಯೂಮ್ ಮಾಡಿ), ಹೊರಯೂನಿಟ್ಟಿನ ಪಟ್ಟಿಯಲ್ಲಿ ಬರೆದಿರುವಷ್ಟು ಗ್ರಾಮ್ ತಕ್ಕಡಿಯಲ್ಲಿ ತೂಗಿಯೇ ಹಾಕಬೇಕು. ಹೊಸ ಎಸಿಗಳಲ್ಲಿರುವ ಆರ್-32 ಹೊತ್ತಿಕೊಳ್ಳಬಲ್ಲ ಗ್ಯಾಸ್. ಕೆಲಸ ನಡೆಯುವಾಗ ಕಿಟಕಿ ತೆರೆದಿರಲಿ, ದೇವರ ಮುಂದಿನ ದೀಪ ಆರಿಸಿರಲಿ.