ಪದ ಪರಿಚಯ: ಮೀಮ್

ಫೋಟೋ ಮೇಲೆ ಒಂದು ತಮಾಷೆಯ ಸಾಲು ಬರೆದರೆ ಮೀಮ್ ಆಯ್ತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಆದರೆ ಈ ಪದ ವಾಟ್ಸಾಪ್‌ಗಿಂತ ಹಳೆಯದು. 1976ರಲ್ಲಿ ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್ ಇದನ್ನು ಗ್ರೀಕ್ ಭಾಷೆಯ ‘ಮಿಮೀಮಾ’ ಎಂಬ ಪದದಿಂದ ಮಾಡಿಕೊಂಡರು. ನೋಡಿ ಮಾಡಿದ್ದು, ನಕಲು ಎಂದು ಅದರ ಅರ್ಥ. ಒಂದು ರಾಗ, ಒಂದು ಮಾತು, ಬಟ್ಟೆ ಹಾಕುವ ಒಂದು ರೀತಿ ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಹೋಗುತ್ತದಲ್ಲ, ಅದಕ್ಕೆ ಅವರಿಟ್ಟ ಹೆಸರು. ಹಾಗಾಗಿ ನಾಲ್ಕು ಜನ ಎತ್ತಿಕೊಂಡು ತಮ್ಮದು ಮಾಡಿಕೊಳ್ಳದಿದ್ದರೆ ಅದು ಮೀಮ್ ಅಲ್ಲ, ಬರೀ ಚಿತ್ರ.

ರಾಜಕೀಯದಲ್ಲಿ ಇದರ ಬಲ ನಮಗೆ ಗೊತ್ತಾಗಿದ್ದು 2019ರ ಮಂಡ್ಯ ಲೋಕಸಭಾ ಚುನಾವಣೆಯಲ್ಲಿ. 2016ರಲ್ಲಿ ‘ಜಾಗ್ವಾರ್’ ಸಿನಿಮಾದ ಸಮಾರಂಭದಲ್ಲಿ ಎಚ್.ಡಿ. ಕುಮಾರಸ್ವಾಮಿ ವೇದಿಕೆಯಿಂದ ಮಗನನ್ನು ಕರೆದಿದ್ದರು: “ನಿಖಿಲ್ ಎಲ್ಲಿದ್ದೀಯಪ್ಪ?” ಮೂರು ವರ್ಷ ಯಾರೂ ನೆನೆಸಿಕೊಳ್ಳದ ಮಾತು. ಮಗ ಅಭ್ಯರ್ಥಿಯಾದಾಗ ಅಪ್ಪ ಮುಖ್ಯಮಂತ್ರಿ, ತಾತ ಮಾಜಿ ಪ್ರಧಾನಿ. ಆಗ ಅದೇ ಮಾತಿಗೆ ಬೇರೆಯೇ ಅರ್ಥ ಬಂತು. ಕುಟುಂಬ ರಾಜಕಾರಣ ಅಂತ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ನಮ್ಮ ಮನೆಗಳಲ್ಲೂ ಅಪ್ಪಂದಿರು ಹೀಗೇ ಕರೀತಾರೆ, ಅಲ್ವಾ? ಅದಕ್ಕೇ ಆ ಸಾಲು ಎಲ್ಲರ ಬಾಯಿಗೂ ಸಲೀಸಾಗಿ ಬಂತು.

ನಿಖಿಲ್ 1.25 ಲಕ್ಷಕ್ಕೂ ಜಾಸ್ತಿ ಮತಗಳಿಂದ ಸೋತರು. ಮೀಮ್ ಸೋಲಿಸಿತು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅಂಬರೀಶ್ ತೀರಿಕೊಂಡು ಆರು ತಿಂಗಳೂ ಆಗಿರಲಿಲ್ಲ. ನಿಖಿಲ್ ಎದುರು ಪಕ್ಷೇತರರಾಗಿ ನಿಂತು ಗೆದ್ದ ಅಂಬರೀಶ್ ಪತ್ನಿ ಸುಮಲತಾ ಅವರಿಗೆ ಬಿಜೆಪಿ ಬೆಂಬಲವಿತ್ತು. ಜನರ ಮನಸ್ಸಿನಲ್ಲಿ ಆಗಲೇ ಇದ್ದದ್ದಕ್ಕೆ ಮೀಮ್ ಮಾತು ಕೊಟ್ಟಿತು, ಅಷ್ಟೆ.

ಇದು ತಾನಾಗಿ ಹುಟ್ಟಿದ್ದು. ಪಕ್ಷಗಳೇ ಕೂತು ಮಾಡುವ ಮೀಮ್‌ಗಳೂ ಇವೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಗೋಡೆಗಳ ಮೇಲೆ ಕಾಂಗ್ರೆಸ್ ಅಂಟಿಸಿದ ‘ಪೇಸಿಎಂ’ ಪೋಸ್ಟರ್ ಅಂಥದ್ದು. ಪೇಟಿಎಂ ಹೆಸರನ್ನು ಹೋಲುವ ಹೆಸರು, ಕ್ಯೂಆರ್ ಕೋಡ್ ನಡುವೆ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರ ಮುಖ. ಸರ್ಕಾರಿ ಗುತ್ತಿಗೆಗಳಲ್ಲಿ 40 ಪರ್ಸೆಂಟ್ ಕಮಿಷನ್ ಪಡೆಯುತ್ತಾರೆ ಎಂಬ ಆರೋಪವೆಲ್ಲ ಆ ಒಂದು ಚಿತ್ರದಲ್ಲಿ ಹಿಡಿಸಿತ್ತು.

ನನಗೆ ಕಳವಳ ಇರುವುದೂ ಇಲ್ಲೇ. ಆರೋಪಕ್ಕೆ ದಾಖಲೆ ಕೇಳಬಹುದು, ಉತ್ತರ ಕೊಡಬಹುದು. ನಗುವಿಗೆ ಏನು ಉತ್ತರ ಕೊಡುವುದು? ಅಂಕಿ ಅಂಶ ಹಿಡಿದು ಬಂದವರ ಮಾತನ್ನು ಆ ಹೊತ್ತಿಗೆ ಯಾರೂ ಕೇಳಿಸಿಕೊಳ್ಳುವುದಿಲ್ಲ. 2024ರಲ್ಲಿ ಕೇಂದ್ರ ಸರ್ಕಾರ ತೆರಿಗೆ ಪಾಲಿನಲ್ಲಿ ಕರ್ನಾಟಕಕ್ಕೆ ಕೊಟ್ಟಿದ್ದು ಚೊಂಬು ಎಂದು ಕಾಂಗ್ರೆಸ್ ಜಾಹೀರಾತು ಹಾಕಿತು. ಅಷ್ಟರಲ್ಲಿ ಬಿಜೆಪಿ ಜೊತೆ ಕೈಜೋಡಿಸಿದ್ದ ದೇವೇಗೌಡರು ತೆರಿಗೆ ಲೆಕ್ಕಕ್ಕೆ ಹೋಗದೆ ಚೊಂಬನ್ನೇ ಎತ್ತಿಕೊಂಡರು. ಮನಮೋಹನ್ ಸಿಂಗ್ ಸರ್ಕಾರ ಬಿಟ್ಟುಹೋದ ಖಾಲಿ ಚೊಂಬನ್ನು ಮೋದಿ ಅಕ್ಷಯಪಾತ್ರೆ ಮಾಡಿದರು ಎಂದರು.